ಸರಪಳಿ ಬಿಚ್ಚಿದ್ದು ಮಾತ್ರೆ ಬಂದ ಮೇಲಲ್ಲ

ಮಾನಸಿಕ ರೋಗಿಗಳನ್ನು ಸರಪಳಿ ಹಾಕಿ ಕಟ್ಟುವುದು ಔಷಧಿ ಬಂದ ಮೇಲೆ ನಿಂತಿದ್ದು ಎಂದು ನೀವು ಅಂದುಕೊಂಡಿರಬಹುದು. ಇಲ್ಲ, ಅದಕ್ಕೂ ಸುಮಾರು 150 ವರ್ಷ ಮೊದಲೇ ಕೆಲವು ಕಡೆ ಬಿಚ್ಚಿದ್ದರು.

ಪ್ಯಾರಿಸ್‌ನ ಬಿಸೆತ್ರ್ ಆಸ್ಪತ್ರೆಯನ್ನೇ ನೋಡಿ. ಎಲ್ಲರೂ ಡಾಕ್ಟರ್ ಫಿಲಿಪ್ ಪಿನೆಲ್ ಹೆಸರು ಹೇಳುತ್ತಾರೆ. ಆದರೆ 1797ರಲ್ಲಿ ಅಲ್ಲಿ ಸರಪಳಿ ತೆಗೆಸಿದ್ದು ಝಾನ್ ಬಾಪ್ಟಿಸ್ಟ್ ಪುಸ್ಸಾಂ. ಆತ ಡಾಕ್ಟರೇ ಅಲ್ಲ, ಚರ್ಮ ಹದ ಮಾಡುತ್ತಿದ್ದವನು. ಕುತ್ತಿಗೆಯಲ್ಲಿ ಗಂಟಾಗುವ ಕಾಯಿಲೆಗೆ ಅದೇ ಆಸ್ಪತ್ರೆ ಸೇರಿದ್ದ. ವಾಸಿಯಾದ ಮೇಲೆ ಅಲ್ಲೇ ಕೆಲಸಕ್ಕೆ ನಿಂತ. ರೋಗಿಗಳ ಮೇಲೆ ಯಾರೂ ಕೈ ಮಾಡಕೂಡದು ಎಂದು ಕಟ್ಟುನಿಟ್ಟು ಮಾಡಿದ. ಗುಣವಾದವರನ್ನೇ ಆರೈಕೆಯ ಕೆಲಸಕ್ಕೆ ಹಾಕಿಕೊಂಡ. ಆ ನೋವು ಅವರಿಗೆ ಗೊತ್ತಿತ್ತು, ಅಲ್ವಾ? ಪಿನೆಲ್ ಅವನಿಂದಲೇ ಕಲಿತ. ಈ ಮನುಷ್ಯನ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು ಅಂತ ನನ್ನಾಸೆ. ಹಾಗಂತ ಕಟ್ಟುವುದು ಪೂರ್ತಿ ನಿಲ್ಲಲಿಲ್ಲ. ತೀರಾ ರೇಗಾಡುವವರಿಗೆ ಕೈ ಬಿಗಿಯುವ ಉದ್ದ ತೋಳಿನ ಅಂಗಿ ತೊಡಿಸುತ್ತಿದ್ದರು.

ಔಷಧಿ ಬಂದಿದ್ದು ತೀರಾ ಈಚೆಗೆ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್, ಉನ್ಮಾದಕ್ಕೆ ಕೊಡುವ ಲಿಥಿಯಂ ಔಷಧಿ ಬಗ್ಗೆ ಬರೆದರು. 1952ರಲ್ಲಿ ಪ್ಯಾರಿಸ್‌ನಲ್ಲಿ ಭ್ರಮೆ, ರೇಗಾಟ ತಗ್ಗಿಸುವ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಬಳಕೆಗೆ ಬಂತು. ಅದೇ 1949ರಲ್ಲೇ ಮಿದುಳಿನ ನರ ಕತ್ತರಿಸುವ ಲೋಬಾಟಮಿಗೆ ನೊಬೆಲ್ ಕೊಟ್ಟಿದ್ದರು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಾತ್ರೆಯಿಂದ ಆದ ಬದಲಾವಣೆ ಬೇರೆ. ಎಷ್ಟೋ ಜನರಿಗೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ತಗ್ಗಿದವು. ಕೈ ನಡುಕ, ಮೈ ಬಿಗಿತ ಅಂತ ತೊಂದರೆಗಳೂ ಇದ್ದವು. ಆದರೂ ವರ್ಷಗಟ್ಟಲೆ ಒಳಗೇ ಇದ್ದ ಕೆಲವರು ಮನೆಗೆ ಹೋಗುವಂತಾಯಿತು.