ಹ್ಯಾಬಿಟ್ಯಾಟ್ ಮನೆಗೆ ಅರ್ಜಿ ಹಾಕಬಹುದಾ?

ಪ್ರಶ್ನೆ: ನಮ್ಮೂರು ಹಾಸನ, ಈಗ ಇರೋದು ಅಟ್ಲಾಂಟಾ ಹತ್ತಿರ. ಯಜಮಾನರು ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ನಾನೇ ಸಾಕುತ್ತಿದ್ದೇನೆ. ಗ್ರೀನ್ ಕಾರ್ಡ್ ಇದೆ. ಹಗಲು ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಸಂಜೆ ಒಂದು ಅಂಗಡಿಯಲ್ಲಿ. ಎರಡೂ ಸೇರಿ ತಿಂಗಳಿಗೆ 3,200 ಡಾಲರ್ ಬರುತ್ತದೆ, ಬಾಡಿಗೆಗೇ 1,500 ಹೋಗುತ್ತದೆ. ಕಡಿಮೆ ಆದಾಯದವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಗೆ ಅರ್ಜಿ ಹಾಕು ಅಂತ ಜೊತೆಯವರು ಹೇಳುತ್ತಾರೆ. ‘ದಾನದ ಮನೆ ನಮಗೆ ಬೇಡ’ ಅಂತ ಊರಿಂದ ಅಮ್ಮ. ಮನೆ ಕಟ್ಟೋ ಕೆಲಸವನ್ನೂ ಮಾಡಬೇಕಂತೆ, ನನಗೆ ಸೊಂಟ ನೋವು. ಅದು ಕ್ರೈಸ್ತರ ಸಂಸ್ಥೆ, ನಮಗೆ ಕೊಡುತ್ತಾರಾ?

ಉತ್ತರ: ಖಂಡಿತ ಅರ್ಜಿ ಹಾಕಿ. ಅಮ್ಮನಿಗೂ ಧೈರ್ಯವಾಗಿ ಹೇಳಿ, ಈ ಮನೆಯನ್ನು ಯಾರೂ ಸುಮ್ನೆ ಕೊಡುವುದಿಲ್ಲ. ನೀವು ಸಾಲದ ಮೇಲೆ ಕೊಳ್ಳುತ್ತೀರಿ, ತಿಂಗಳು ತಿಂಗಳು ಕಂತು ಕಟ್ಟುತ್ತೀರಿ. ನೀವು ಕಟ್ಟಿದ ಹಣ ಮುಂದಿನ ಕುಟುಂಬದ ಮನೆಗೆ ಹೋಗುತ್ತದೆ. ಮಿಲ್ಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ ನಿಮ್ಮ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನಲ್ಲಿ ಈ ಸಂಸ್ಥೆ ಶುರು ಮಾಡಿದಾಗಿನಿಂದ ಇದೇ ಪದ್ಧತಿ. ಲಾಭ ಇಟ್ಟುಕೊಳ್ಳುವುದಿಲ್ಲ, ಬಡ್ಡಿ ಇರುವುದಿಲ್ಲ ಅಥವಾ ತೀರಾ ಕಡಿಮೆ.

ಆ ಬಡ್ಡಿಯಲ್ಲೇ ಎಲ್ಲ ಇರೋದು. ಲೆಕ್ಕಕ್ಕೆ 1,50,000 ಡಾಲರ್ ಸಾಲ, 30 ವರ್ಷ ಅಂತ ಇಟ್ಟುಕೊಳ್ಳಿ. ಬ್ಯಾಂಕಿನಲ್ಲಿ ನೂರಕ್ಕೆ 7ರ ಬಡ್ಡಿಯಾದರೆ ಕಂತು ಸುಮಾರು 998 ಡಾಲರ್. ಬಡ್ಡಿಯೇ ಇಲ್ಲದಿದ್ದರೆ 417. ಇದರ ಮೇಲೆ ಆಸ್ತಿ ತೆರಿಗೆ, ವಿಮೆ ಬರುತ್ತವೆ. ಇವೆಲ್ಲ ಸೇರಿ ನಿಮ್ಮ ಆದಾಯದ ಶೇ. 30ರ ಒಳಗೇ ಇರಬೇಕು ಎಂಬುದು ಹ್ಯಾಬಿಟ್ಯಾಟ್‌ನ ಲೆಕ್ಕಾಚಾರ. ನಿಮಗೆ ಅದು 960 ಡಾಲರ್. ಈಗ ಕೊಡುತ್ತಿರುವ ಬಾಡಿಗೆಗಿಂತ 540 ಕಡಿಮೆ!

ಆಯ್ಕೆ ಮಾಡುವಾಗ ಮೂರು ವಿಷಯ ನೋಡುತ್ತಾರೆ: ಮನೆಯ ಅಗತ್ಯ, ಕಂತು ಕಟ್ಟುವ ಶಕ್ತಿ, ಜೊತೆಗೆ ದುಡಿಯುವ ಮನಸ್ಸು. ನಮ್ಮವರು ಎಡವುವುದು ಎರಡನೆಯದರಲ್ಲಿ. ಆದಾಯ ಕಡಿಮೆ ತೋರಿಸಿದರೆ ಮನೆ ಬೇಗ ಸಿಗುತ್ತದೆ ಅಂದುಕೊಂಡು ಸಂಜೆಯ ಕೆಲಸವನ್ನು ಬರೆಯುವುದೇ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಜಿಯಲ್ಲಿ ಸುಳ್ಳು ಬರೆಯುವುದು ತಪ್ಪು, ಅದರಿಂದ ನಿಮಗೇ ನಷ್ಟ ಕೂಡ. ಆದಾಯಕ್ಕೆ ಮೇಲಿನ ಮಿತಿ ಇರುವ ಹಾಗೆ ಕೆಳಗಿನ ಮಿತಿಯೂ ಇರುತ್ತದೆ. ಎರಡೂ ಕೆಲಸದ ಪೇ ಸ್ಟಬ್ (ಸಂಬಳದ ಚೀಟಿ) ಜೋಪಾನವಾಗಿ ಎತ್ತಿಡಿ. ಇನ್ನೊಂದು ಮಾತು. ನಿಮ್ಮ ಯಜಮಾನರು ಅಲ್ಲಿ ದುಡಿದು ಸೋಶಿಯಲ್ ಸೆಕ್ಯುರಿಟಿಗೆ (ಅಲ್ಲಿಯ ಸರ್ಕಾರದ ಪಿಂಚಣಿ ಯೋಜನೆಗೆ) ಹಣ ಕಟ್ಟಿದ್ದರೆ, 18 ವರ್ಷದೊಳಗಿನ ಮಕ್ಕಳಿಗೆ ಪ್ರತಿ ತಿಂಗಳು ಸರ್ವೈವರ್ಸ್ ಬೆನಿಫಿಟ್, ಅಂದರೆ ತೀರಿಕೊಂಡವರ ಕುಟುಂಬಕ್ಕೆ ಕೊಡುವ ಹಣ, ಬರಬೇಕು. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮನೆಯ ವಿಷಯ ಆಮೇಲೆ, ಮೊದಲು ಇದನ್ನು ವಿಚಾರಿಸಿ. ಅದು ಮಕ್ಕಳ ಹಕ್ಕಿನ ಹಣ.

ಸೊಂಟ ನೋವಿನ ಬಗ್ಗೆ ಹೆದರಬೇಡಿ. ಸ್ವಂತ ದುಡಿಮೆಯ ಈ ಪಾಲಿಗೆ ಅಲ್ಲಿ ‘ಸ್ವೆಟ್ ಈಕ್ವಿಟಿ’ ಅನ್ನುತ್ತಾರೆ. ಎಷ್ಟು ಗಂಟೆ ಎಂಬುದು ಶಾಖೆಯಿಂದ ಶಾಖೆಗೆ ಬೇರೆ, ಸಾಮಾನ್ಯವಾಗಿ ನೂರಾರು ಗಂಟೆ. ಅಲ್ಲಿಯ ಗೋಡೆ ಮರದ್ದು ಅಲ್ವಾ? ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಮೊಳೆ ಹೊಡೆಯುತ್ತಾರೆ, ಆಮೇಲೆ ಏಳೆಂಟು ಜನ ಸೇರಿ ಎತ್ತಿ ನಿಲ್ಲಿಸುತ್ತಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 95 ವರ್ಷ ತುಂಬಿದ ಮೇಲೂ ಈ ಕೆಲಸದ ಜಾಗಕ್ಕೆ ಹೋಗಿ ಕೂತು ಕೆಲಸ ಮಾಡಿದವರು. ನೀವು ಎತ್ತುವ ಕಡೆ ನಿಲ್ಲಬೇಕಾಗಿಲ್ಲ. ಬಣ್ಣ ಬಳಿಯಬಹುದು, ಬಂದವರ ಹೆಸರು ಬರೆದುಕೊಳ್ಳಬಹುದು, ಊಟ ಬಡಿಸಬಹುದು. ಸಂಸ್ಥೆಯ ‘ರೀಸ್ಟೋರ್’ ಅಂಗಡಿಯಲ್ಲಿ ಹಳೆ ಪೀಠೋಪಕರಣ ಮಾರುವ ಕೆಲಸವೂ, ಮನೆ ಕೊಳ್ಳುವವರಿಗೆ ನಡೆಸುವ ತರಗತಿಯೂ ಲೆಕ್ಕಕ್ಕೆ ಬರುತ್ತವೆ. ಎಷ್ಟೋ ಶಾಖೆಗಳಲ್ಲಿ ಸ್ನೇಹಿತರು, ನೆಂಟರು ದುಡಿದ ಗಂಟೆಗಳಲ್ಲಿ ಒಂದಷ್ಟನ್ನು ನಿಮ್ಮ ಲೆಕ್ಕಕ್ಕೆ ಸೇರಿಸುತ್ತಾರೆ. ನಿಮ್ಮ ಕನ್ನಡ ಕೂಟದವರನ್ನು ಕೇಳಿ ನೋಡಿ, ಸಂಕೋಚ ಬೇಡ. ವೈದ್ಯರ ಪತ್ರವನ್ನು ಮಾತ್ರ ಮೊದಲೇ ಕೊಟ್ಟಿರಿ.

ಸಂಸ್ಥೆ ಕ್ರೈಸ್ತರದ್ದು ಅನ್ನುವುದು ನಿಜ. ಆದರೆ ಜಾತಿ, ಮತ, ಬಣ್ಣ ನೋಡಿ ಮನೆ ಕೊಡುವುದಿಲ್ಲ, ಹಾಗೆ ಮಾಡಲು ಅಲ್ಲಿಯ ಕಾನೂನೂ ಬಿಡುವುದಿಲ್ಲ. ಬೀಗದ ಕೈ ಕೊಡುವ ದಿನ ಅವರದೊಂದು ಪ್ರಾರ್ಥನೆ ಇರಬಹುದು. ಆಮೇಲೆ ನಿಮ್ಮ ಮನೆಯಲ್ಲಿ ನೀವು ಹಾಲು ಉಕ್ಕಿಸಿಕೊಳ್ಳಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯ ಒಂದಿದೆ, ಮುಂದೆ ಮಾರುವುದು. ಮನೆಯ ಬೆಲೆ 2,50,000 ಇದ್ದು ನೀವು ಕಂತು ಕಟ್ಟುವ ಸಾಲ 1,50,000 ಆದರೆ, ಉಳಿದ ಲಕ್ಷ ಡಾಲರ್ ಮಾಯವಾಗುವುದಿಲ್ಲ. ಅದನ್ನು ಸಾಮಾನ್ಯವಾಗಿ ಎರಡನೇ ಅಡಮಾನವಾಗಿ ಬರೆಸಿಕೊಳ್ಳುತ್ತಾರೆ. ಅದಕ್ಕೆ ಕಂತಿಲ್ಲ. ಕೆಲವು ಕಡೆ ವರ್ಷ ಕಳೆದಂತೆ ಅದನ್ನು ಮನ್ನಾ ಮಾಡುತ್ತಾರೆ, ಕೆಲವು ಕಡೆ ಮಾರುವ ದಿನ ತೀರಿಸಬೇಕು. ಮಾರುವಾಗ ಮೊದಲು ತಮಗೇ ಕೊಡಬೇಕು ಎಂಬ ಷರತ್ತೂ ಇರಬಹುದು. ನನ್ನ ಪ್ರಕಾರ ಈ ಷರತ್ತು ನ್ಯಾಯವಾದದ್ದೇ, ಆ ಮನೆ ನಿಮ್ಮಂಥ ಇನ್ನೊಬ್ಬರ ಕೈಗೆ ಹೋಗಲಿ ಅಂತ ಹಾಕಿರುವುದು. ಆದರೆ ಸಹಿ ಹಾಕುವ ಮುಂಚೆ ನಿಮಗೆ ಪೂರ್ತಿ ಅರ್ಥವಾಗಿರಬೇಕು. ಹಡ್ (ಅಮೆರಿಕ ಸರ್ಕಾರದ ವಸತಿ ಇಲಾಖೆ) ಮಾನ್ಯತೆ ಪಡೆದ ಹೌಸಿಂಗ್ ಕೌನ್ಸೆಲರ್‌ಗಳು, ಅಂದರೆ ಮನೆ ಕೊಳ್ಳುವವರಿಗೆ ಸಲಹೆ ಕೊಡುವವರು, ಉಚಿತವಾಗಿ ಅಥವಾ ಕಡಿಮೆ ಶುಲ್ಕಕ್ಕೆ ಇದನ್ನೆಲ್ಲ ಕೂತು ಓದಿ ಹೇಳುತ್ತಾರೆ. ತೆರಿಗೆ, ವಿಮೆ ವರ್ಷ ವರ್ಷ ಏರಿದರೆ ಕಂತು ಎಷ್ಟಾಗುತ್ತದೆ ಅಂತಲೂ ಅವರಲ್ಲೇ ಕೇಳಿ.

ಪ್ರತಿ ಶಾಖೆಗೂ ಅದರದೇ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಅದರದೇ ನಿಯಮ. ಹೆಚ್ಚಿನವರು ವರ್ಷವಿಡೀ ಅರ್ಜಿ ತೆಗೆದುಕೊಳ್ಳುವುದಿಲ್ಲ, ಕೆಲವು ದಿನ ಮಾತ್ರ ಬಾಗಿಲು ತೆರೆದಿರುತ್ತದೆ. ಹಾಗಾಗಿ ಈ ವಾರವೇ ನಿಮ್ಮ ಕೌಂಟಿಯ ಶಾಖೆಗೆ ಫೋನ್ ಮಾಡಿ, ಮುಂದಿನ ಮಾಹಿತಿ ಸಭೆ ಯಾವಾಗ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅಷ್ಟರೊಳಗೆ ನಿಮ್ಮ ಕ್ರೆಡಿಟ್ ರಿಪೋರ್ಟ್ (ಸಾಲ, ಬಾಕಿಗಳ ವರದಿ) ತರಿಸಿ ನೋಡಿ, ಅದು ಉಚಿತ. ಯಜಮಾನರ ಆಸ್ಪತ್ರೆಯ ಬಾಕಿ ಏನಾದರೂ ನಿಮ್ಮ ಹೆಸರಿನಲ್ಲಿ ಕಂಡರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.