ಥೈರಾಯ್ಡ್ ಮಾತ್ರೆ ಶುರುವಾಗಿ ತಿಂಗಳಾದರೂ ಮೈಕೈ ನೋವು ಹೋಗಿಲ್ಲ, ಏನು ಮಾಡಲಿ?

ಇಷ್ಟು ಬೇಗ ಗಾಬರಿಯಾಗಬೇಡಿ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಸ್ನಾಯುಗಳ ಕೆಲಸವೂ ನಿಧಾನವಾಗುತ್ತದೆ. ತೊಡೆ, ಭುಜ ಹಿಡಿದುಕೊಳ್ಳುವುದು ಅದಕ್ಕೇ. ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ರಕ್ತ ಪರೀಕ್ಷೆಯಲ್ಲಿ ನೋಡುವ ಹಾರ್ಮೋನ್) ಸರಿಹೋದ ಮೇಲೂ ನೋವು ಇಳಿಯಲು ಕೆಲವು ತಿಂಗಳು ಬೇಕಾಗಬಹುದು.

ಮೊದಲು ಮಾತ್ರೆ ಹೇಗೆ ತಗೊಳ್ಳುತ್ತಿದ್ದೀರಿ ನೋಡಿಕೊಳ್ಳಿ. ತೀರ್ಥಹಳ್ಳಿಯಲ್ಲಿರುವ ನಮ್ಮಮ್ಮ ಎದ್ದ ಕೂಡಲೇ ಕಾಫಿ ಜೊತೆಗೇ ನುಂಗುತ್ತಿದ್ದರು. ಹಾಗೆ ಮಾಡಿದರೆ ಔಷಧಿ ಸರಿಯಾಗಿ ಮೈಗೆ ಸೇರುವುದಿಲ್ಲ. ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ತಗೊಳ್ಳಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ ಇರಲಿ. ಮಾತ್ರೆ ಶುರುವಾದ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಿ.

ನಮ್ಮ ಮಲೆನಾಡಿನ ಥಂಡಿಗೆ ಬಚ್ಚಲ ಹಂಡೆಯ ಬಿಸಿನೀರು ನಿಜಕ್ಕೂ ಹಿತ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಕೂರಬೇಡಿ. ಆಗಾಗ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ. ಸುಮ್ನೆ ನೋವಿನ ಮಾತ್ರೆ ಮಾತ್ರ ನುಂಗಬೇಡಿ.

ಕೀಲು ಊದಿ ಬಿಸಿಯಾದರೆ, ಬೆಳಿಗ್ಗೆ ತುಂಬಾ ಹೊತ್ತು ಬಿಗಿದುಕೊಂಡೇ ಇದ್ದರೆ ಡಾಕ್ಟರಿಗೆ ತೋರಿಸಿ, ಅದು ಸಂಧಿವಾತ ಇರಬಹುದು. ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದರಿಂದಲೂ ಸ್ನಾಯು ನೋವು ಬರಬಹುದು.