ಕರೆಂಟ್ ಹೋತು ಅಂದ್ರ ಹಾಟ್ ಪ್ಲೇಟ್ ಆಫ್ ಆದಂಗಲ್ಲ

ಸ್ಕೂಲ್ ಲ್ಯಾಬಿಗೆ ಹತ್ತು ಹಾಟ್ ಪ್ಲೇಟ್ (ಕರೆಂಟಿನ ಒಲಿ) ಬೇಕು, ಅವೂ 380 ಡಿಗ್ರಿ ಏರೋವು, ಕಾಯಿಲ್‌ದು ತಗೊಳ್ಳೋದೋ ಬೀಡಿನ (ಎರಕದ ಕಬ್ಬಿಣದ) ಪ್ಲೇಟಿಂದು ತಗೊಳ್ಳೋದೋ ಅಂತ ಕೇಳೀರಿ. ನಾನೂ ಇದನ್ನs ಕೇಳ್ಕೋತ ಹುಬ್ಬಳ್ಳಿ ಅಂಗಡಿ ಅಂಗಡಿ ತಿರಗೀನ್ರಿ. ಗದಗ ತಾಲೂಕಿನ ಒಂದು ಹೈಸ್ಕೂಲ್‌ನ್ಯಾಗ ಸೈನ್ಸ್ ಮಾಸ್ತರ್ ನಾನು. ದಾನಿ ಒಬ್ರು ಕೊಟ್ಟ ರೊಕ್ಕದಾಗ ಬೀಡಿನ ಪ್ಲೇಟಿನವು ಆರು ತಂದೆ, ಒಂದೊಂದು 1000 ವ್ಯಾಟ್. ಮಾಲು ಛಲೋನs ಇತ್ತು.

ಅವತ್ತು ಹತ್ತನೇತ್ತೆ ಹುಡುಗ್ರಿಗೆ ಎಲಿ ಒಳಗಿನ ಪಿಷ್ಟ ತೋರ್ಸೋ ಪ್ರಯೋಗ. ಬೀಕರ್‌ನ್ಯಾಗ ನೀರು, ನೀರಾಗ ಸ್ಪಿರಿಟ್ ಹಾಕಿದ ಟೆಸ್ಟ್ ಟ್ಯೂಬ್, ಮೂರು ಪ್ಲೇಟ್ ಹಚ್ಚಿದ್ವಿ. ಸ್ಪಿರಿಟ್ ಹಸರಾಗಿ ಎಲಿ ಬೆಳ್ಳಗಾಗಾಕ ಹತ್ತಿತ್ತು, ಅಷ್ಟರಾಗ ಕರೆಂಟ್ ಹೋತು. ಫ್ಯಾನ್ ನಿಂತ್ವು, ಊಟದ ಗಂಟಿ ಹೊಡೀತು. ಟ್ಯೂಬ್, ಬೀಕರ್ ಎಲ್ಲಾ ಇಳಿಸಿ ಬದೀಗಿಟ್ಟು, ಉಳಿದಿದ್ದು ನಾಳೆ ಮಾಡೂಣು ಅಂದೆ, ಹುಡುಗ್ರು ಬಿಸಿಯೂಟಕ್ಕ ಓಡಿದ್ರು, ನಾನೂ ಸ್ಟಾಫ್ ರೂಮಿಗೆ ಹೋದೆ.

ನನ್ನ ತಪ್ಪು ಇಲ್ಲೇ ಐತ್ರಿ, ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಪಿರಿಟ್ ಸರಿಸಿದ್ದೆ, ಗಾಜು ಸರಿಸಿದ್ದೆ, ಕಿಡಕಿ ತೆರೆದಿದ್ದೆ, ಆದ್ರ ಪ್ಲೇಟಿನ ನಾಬ್ ಮ್ಯಾಕ್ಸಿಮಮ್‌ನ್ಯಾಗs ಇತ್ತು, ಗ್ವಾಡಿ ಸ್ವಿಚ್ಚೂ ಆನ್ ಇತ್ತು. ಕರೆಂಟ್ ಇಲ್ಲ ಅಂದ ಮ್ಯಾಲೆ ಅದು ಆಫ್ ಆತು ಅಂತ ಮನಸ್ಸು ತಾನs ಲೆಕ್ಕಾ ಹಾಕ್ಬಿಟ್ಟಿತು, ಕೈ ಸ್ವಿಚ್ಚಿನ ಕಡೆ ಹೋಗ್ಲೇ ಇಲ್ಲ. ಇಪ್ಪತ್ತು ನಿಮಿಷಕ್ಕ ಕರೆಂಟ್ ಬಂತು. ಮೂರೂ ಪ್ಲೇಟ್ ಖಾಲಿ ಕೋಣ್ಯಾಗ ಸುಮ್ನ ಕಾಯ್ಕೋತ ಕುಂತ್ವು. ಬೀಡಿನ ಪ್ಲೇಟ್ ಹೆಂಗಂದ್ರ, 30 ಡಿಗ್ರಿ ಇದ್ದಾಗೂ ಕರ್ರಗ, 300 ಇದ್ದಾಗೂ ಹಂಗs ಕರ್ರಗ, ಕೆಂಪಾಗೂದಿಲ್ಲ, ಸಪ್ಪಳ ಇಲ್ಲ, ನಮ್ಮವಕ್ಕ ದೀಪಾನೂ ಇರ್ಲಿಲ್ಲ. ಕಂಪಾಸ್ ಬಾಕ್ಸ್ ಮರತಿದ್ದ ಒಬ್ಬ ಹುಡುಗಿ ಊಟ ಬಿಟ್ಟು ಒಳಗ ಬಂದ್ಲು, ಬಾಕ್ಸ್ ಟೇಬಲ್ ಆ ಕಡೆ ಇತ್ತು, ಬಗ್ಗಿ ತಗೊಳ್ಳಾಕ ಬಲಗೈ ಪ್ಲೇಟ್ ಮ್ಯಾಲೆ ಊರಿದ್ಲು.

ನಲ್ಲಿ ಕೆಳಗ 20 ನಿಮಿಷ ಕೈ ಹಿಡಿಸಿ, ಒಣ ಬಟ್ಟಿ ಸುತ್ತಿ ದವಾಖಾನಿಗೆ ಕರ್ಕೊಂಡು ಹೋದೆ. ಅಂಗೈ ತುಂಬ ಬೊಬ್ಬಿ. ಮೂರು ವಾರ ಪೆನ್ ಹಿಡೀಲಿಲ್ಲ ಆಕಿ. ಅವರಪ್ಪ ನನಗ ಒಂದು ಮಾತೂ ಬೈಲಿಲ್ಲ, ಅದು ಇನ್ನೂ ಕಾಡ್ತೈತಿ.

ಅದಕ್ಕs ಹೇಳ್ತೀನಿ, ಯಾವ ಪ್ಲೇಟ್ ಅನ್ನೋದು ಆಮೇಲಿಂದು, ಮೊದ್ಲು ಲೈನ್ ನೋಡ್ರಿ. ಹೊಲದಾಗ ಬೋರ್‌ವೆಲ್ ಸ್ಟಾರ್ಟರ್ ನೋಡೀರಲ್ಲ, ಕರೆಂಟ್ ಹೋದ್ರ ಟಕ್ ಅಂತ ಬೀಳ್ತೈತಿ, ತಿರಗಿ ಬಂದ್ರ ಹಸರ ಬಟನ್ ಒತ್ತೂತನ ಮೋಟ್ರು ಏಳೂದಿಲ್ಲ. ಅದs ಕೆಲಸ ಮಾಡೋ ಕಾಂಟ್ಯಾಕ್ಟರ್ ಒಂದನ್ನ ಲ್ಯಾಬ್ ಟೇಬಲ್ಲಿನ ಲೈನಿಗೆ ಹಾಕಸ್ರಿ, ಹಸರ ಬಟನ್, ಕೆಂಪು ಬಟನ್, ಮಾಸ್ತರ್ ಕೈಗೆ ಸಿಗೋ ಜಾಗಾದಾಗ. ನಮ್ಮಲ್ಲಿ ಎರಡು ಪ್ಲೇಟಿನ ರೊಕ್ಕದಾಗ ಮುಗೀತು. ಅದರ ಜೋಡಿ ಅರ್ಥಿಂಗ್ ಚೆಕ್ ಮಾಡ್ಸಿ, ಕರೆಂಟ್ ಸೋರಿದ್ರ ಲೈನ್ ಕಡಿಯೋ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ಚೂ ಹಾಕಸ್ರಿ.

ಹತ್ತು ಬ್ಯಾಡs ಬ್ಯಾಡ್ರಿ. 1000 ವ್ಯಾಟಿನವು ಹತ್ತು ಅಂದ್ರ 10 ಕಿಲೋವ್ಯಾಟ್, 230 ವೋಲ್ಟಿಗೆ ಹತ್ರತ್ರ 43 ಆಂಪ್, ಫ್ಯಾನಿಗೆ ಅಂತ ಎಳೆದ ವೈರು ತಡೀತೈತೇನು? ನಾವು ನಾಕನೇದು ಹಚ್ಚಿದ್ರ ಪ್ಲಗ್ ಕಾಯಾಕ ಹತ್ತತಿತ್ತು. ಮೂರು ಪ್ಲೇಟ್, ಒಂದೊಂದಕ್ಕ ಬ್ಯಾರೆ ಬ್ಯಾರೆ 16 ಆಂಪ್ ಸಾಕೆಟ್, ಸಾಕು. 380 ಯಾಕ ಬೇಕ್ರಿ? ಹೈಸ್ಕೂಲ್ ಪ್ರಯೋಗದಾಗ ಬಹಳಷ್ಟು ನೀರು ಕುದಿಯೋ 100ರಾಗs ಮುಗೀತಾವ, ಸ್ಪಿರಿಟ್ ಕುದಿಯೋದು 78ಕ್ಕ. ಅದರ ಆವಿ ಕಿಡಿ ಇಲ್ಲದs ಹೊತ್ಕೊಳ್ಳೋದು ಸುಮಾರು 365ಕ್ಕ, ನಿಮ್ಮ ಪ್ಲೇಟ್ ಅದನ್ನೂ ದಾಟ್ತೈತಿ. ನಾನೀಗ ಎಲಿ ಪ್ರಯೋಗಕ್ಕ ನೀರು ದೂರದಾಗ ಕುದಿಸಿ, ಪ್ಲೇಟ್ ಬಂದ್ ಮಾಡಿ, ಆ ಬಿಸಿನೀರನ್ನs ಟೇಬಲ್ಲಿಗೆ ತರ್ತೀನಿ.

ಕಾಯಿಲ್‌ದು ಅಂತೂ ಮುಟ್ಟಬ್ಯಾಡ್ರಿ, ತೆರೆದ ಕಾಯಿಲ್ ಮ್ಯಾಲೆ ಉಪ್ಪುನೀರು ಉಕ್ಕಿದ್ರ ಶಾಕ್, ಸ್ಪಿರಿಟ್ ಉಕ್ಕಿದ್ರ ಬೆಂಕಿ. ಇಂಡಕ್ಷನ್ ಸೋವಿ ಅಂತ ಯಾರರ ಹೇಳ್ತಾರ, ಅದರ ಮ್ಯಾಲೆ ಗಾಜಿನ ಬೀಕರ್ ಕಾಯೂದs ಇಲ್ಲ. ಬೀಡಿನ ಪ್ಲೇಟಿಂದs ತಗೋರಿ, ಆದ್ರ ಪ್ಲೇಟ್ ಬಿಸಿ ಇರೂತನ ಉರಿಯೋ ದೀಪ ಇದ್ದದ್ದು ಕೇಳಿ ತಗೋರಿ. ಭಾಳ ದೀಪ ನಾಬ್ ಆಫ್ ಮಾಡಿದ ಕೂಡ್ಲೇ ಆರ್ತಾವ, ಅಂಗಡ್ಯಾಗs ಹಚ್ಚಿ ನೋಡ್ರಿ.

ನಿಮ್ಮ ಲ್ಯಾಬ್ ಎಂಸಿಬಿ (ಲೋಡ್ ಹೆಚ್ಚಾದ್ರ ತಾನs ಬೀಳೋ ಸ್ವಿಚ್) ಮ್ಯಾಲೆ ಎಷ್ಟು ಆಂಪ್ ಬರದೈತಿ, ವೈರು ಎಷ್ಟು ದಪ್ಪ ಐತಿ, ಎರಡೂ ನೋಡಿ ಇಲ್ಲೇ ಬರೀರಿ, ಎಷ್ಟು ಪ್ಲೇಟ್ ತಡೀತಾವ ಲೆಕ್ಕಾ ಹಾಕಿ ಹೇಳ್ತೀನಿ.